ಕಾಕೂ ಬಿದ್ದದ್ದು ಬೆಟ್ಟದ ಮೇಲೆ

ಈ ಏಪ್ರಿಲ್‌ನ ಒಂದು ಮಧ್ಯಾಹ್ನ ಅಪ್ಪನ ಜೊತೆ ಕಾಗವಾಡ ರಸ್ತೆಯ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ. ನಮ್ಮ ತೋಟದ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಅಲ್ಲಿ ಇಡಬೇಕಿತ್ತು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು. ಹಮಾಲನೊಬ್ಬ ಗೋಡೆಯಷ್ಟೇ ದಪ್ಪಗಿದ್ದ ಬಾಗಿಲನ್ನು ಮೈಭಾರ ಹಾಕಿ ಎಳೆದ. ಒಳಗಿನ ಚಳಿ ಬಿಳಿಯ ಉಸಿರಿನಂತೆ ಹೊರಬಂತು. ಗಂಧಕದ ಹೊಗೆ ಕುಡಿದ ದ್ರಾಕ್ಷಿಯ ಸಿಹಿಯ ಜೊತೆಗೆ ಒದ್ದೆ ಕಬ್ಬಿಣದಂಥ ಇನ್ನೊಂದು ವಾಸನೆ ಅದರಲ್ಲಿತ್ತು. ಅದು ಚಳಿಯದೇ ವಾಸನೆ. ಅದನ್ನು ನಾನು ಹಿಂದೆ ಒಂದೇ ಒಂದು ಕಡೆ ಮೂಸಿದ್ದೆ.

ಅಪ್ಪ ಹೊಸ್ತಿಲಲ್ಲೇ ನಿಂತ. ನೀನೇ ಒಳಗೆ ಹೋಗಿ ಇಡಿಸಿ ಬಾ ಎಂದು ಹೇಳಿ, ಎದುರಿನ ಬೇವಿನ ಗಿಡದ ಅರೆನೆರಳಿಗೆ ನಡೆದುಬಿಟ್ಟ. ಇಂಥ ಬೇಸಿಗೆಯಲ್ಲಿ ತಂಪಿನ ಬಾಗಿಲು ತೆರೆದಿರುವಾಗ ಬಿಸಿಲಿಗೆ ಹೋಗುವ ಮನುಷ್ಯನನ್ನು ಹಮಾಲ ಅಚ್ಚರಿಯಿಂದ ನೋಡಿದ. ನನಗೆ ಅಚ್ಚರಿಯಾಗಲಿಲ್ಲ. ಮೂರು ವರ್ಷದ ಹಿಂದಿನ ಒಂದು ಸಂಕ್ರಾಂತಿಯಿಂದ ಆಷಾಢದವರೆಗಿನ ಅರ್ಧ ವರ್ಷ ನಮ್ಮಿಬ್ಬರ ನಡುವೆ ಹೀಗೆಯೇ ಬಾಗಿಲು ತೆರೆದುಕೊಂಡು ನಿಲ್ಲುತ್ತದೆ. ಅದರ ಬಗ್ಗೆ ಮಾತಾಡಲು ಇಬ್ಬರಿಗೂ ಈಗ ಬಲವಿಲ್ಲ. ಬರೆಯಲಾದರೂ ನನಗೆ ಇರಬೇಕು.

ಅಪ್ಪನದು ಅಥಣಿಯಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿ. ಔಷಧ ಎಂದರೆ ಬೆಳೆಗೆ ಹೊಡೆಯುವ ಔಷಧ. ಅದನ್ನು ತಯಾರಿಸುವ ಕಂಪನಿಗಳು ನಮ್ಮ ಭಾಗದ ಅಂಗಡಿಯವರಿಗೆ ವರ್ಷಕ್ಕೊಂದು ಟಾರ್ಗೆಟ್ ಕೊಡುತ್ತವೆ. ಮುಟ್ಟಿದವರಿಗೆ ವಿದೇಶ ಪ್ರವಾಸ. ಬಳ್ಳಿಗೆ ಬೇಕಿಲ್ಲದ ಬಾಟಲಿಯೊಂದು "ಇದನ್ನೂ ಒಯ್ರಿ" ಎಂಬ ಮಾತಿನ ಜೊತೆ ರೈತನ ಚೀಲ ಸೇರುತ್ತದೆ. ಆ ಮಾತನ್ನು ಸಾಕಷ್ಟು ಸಲ ಆಡಿದ ಅಂಗಡಿಯವನು ಕಡೆಗೆ ವಿಮಾನ ಹತ್ತುತ್ತಾನೆ. ಇದಕ್ಕೆ ಪ್ರೋತ್ಸಾಹ ಎಂದು ಹೆಸರು. ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಇದಕ್ಕೆ ಬೇರೆ ಹೆಸರುಗಳನ್ನು ಕಲಿತಿದ್ದೆ. ಊರಿಗೆ ಬಂದು ಊಟದ ತಾಟಿನ ಮುಂದೆ ಕೂತು ಅವನ್ನೆಲ್ಲ ಅಪ್ಪನ ಮೇಲೆ ಎಸೆದಿದ್ದೆ. ಆತ ತಲೆ ಎತ್ತದೆ ಕೇಳಿಸಿಕೊಂಡು, ನೀರು ಕುಡಿದು, ಟಿಕೀಟು ಜೋಡಿಗೆ ಇದೆ, ನಿಮ್ಮವ್ವ ಮೀರಜಿನ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುತ್ತಾಳೆ, ಬರುವುದಿದ್ದರೆ ನೀನು ಬಾ ಎಂದ. ನಾನು ಹೋದೆ. ಬೈಯುವುದನ್ನು ಹತ್ತಿರದಿಂದ ನೋಡಿಯೇ ಬೈಯಬೇಕು ಎಂದು ಗೆಳತಿಯರಿಗೆ ಹೇಳಿದೆ. ಹಿಮವನ್ನು ನೋಡುವ ಆಸೆಯೂ ಇತ್ತು.

ನಿಪ್ಪಾಣಿಯಿಂದ ಅಥಣಿಯವರೆಗಿನ ಅಂಗಡಿಕಾರರ ಗುಂಪು ಅದು. ಮುಂದಾಳು ಬಾಬುರಾವ್ ಕಾಕಾ. ಅಥಣಿಯ ಪೇಟೆಯಲ್ಲಿ ಎಲ್ಲರಿಗಿಂತ ದೊಡ್ಡ ಅಂಗಡಿ ಅವರದು. ಅಂಗಡಿಕಾರರ ಸಂಘಕ್ಕೂ ಅವರೇ ಅಧ್ಯಕ್ಷರು, ಪ್ರತಿ ಆಷಾಢದಲ್ಲಿ ಸತ್ತಿ ಎಂಬ ಊರಿನಿಂದ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರ ದಿಂಡಿಗೂ ಅವರೇ ಯಜಮಾನರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವ ಗಾಡಿ ಅವರದು. ಇದನ್ನು ಬರೆಯಲೇಬೇಕು, ಏಕೆಂದರೆ ಕೆಟ್ಟವರಿಂದ ಉತ್ತರ ಕೇಳುವುದು ಸುಲಭ. ಒಳ್ಳೆಯವರೆನಿಸಿಕೊಂಡವರಿಂದ ಕೇಳಲು ಹೊರಟರೆ ಊರಿಗೆ ಊರೇ ನಿಮ್ಮನ್ನು ಕೃತಘ್ನರೆನ್ನುತ್ತದೆ.

ಗುಂಪಿನಲ್ಲಿ ಸ್ವಂತ ಹೆಸರಿನಲ್ಲಿ ಟಾರ್ಗೆಟ್ ಮುಟ್ಟಿದ ಹೆಂಗಸು ಒಬ್ಬಳೇ. ಸತ್ತಿಯ ಶಾಂತಾ, ನಮಗೆಲ್ಲ ಚಿಕ್ಕಮ್ಮನಂಥ ಕಾಕೂ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಶಟರ್ ಎಳೆಯಲು ಬಂದ ಮೈದುನನಿಗೆ ಚಹಾ ಕುಡಿಸಿ ಕಳಿಸಿ, ಮರುದಿನ ತಾನೇ ಶಟರ್ ಎತ್ತಿ ಹಣದ ಗಲ್ಲೆಯಲ್ಲಿ ಕೂತವಳು. ಪ್ರತಿ ಆಷಾಢದಲ್ಲೂ ದಿಂಡಿಯ ಮುಂಭಾಗದಲ್ಲಿ ತುಳಸಿಯ ಸಣ್ಣ ಹಿತ್ತಾಳೆಯ ಕಟ್ಟೆಯನ್ನು ತಲೆಯ ಮೇಲೆ ಹೊತ್ತು ಪಂಢರಪುರದವರೆಗೆ ನಡೆಯುತ್ತಿದ್ದಳು. ಕೈ ಹಿಡಿಯದೆ ಹೊರುವುದು ಅವಳ ಹೆಮ್ಮೆ. ವಿಮಾನದ ಮಾತು ಬಂದಾಗ ಊರಿನವರು ಆ ಚಳಿಯಲ್ಲಿ ನಿನಗೇನು ಕೆಲಸ ಎಂದರಂತೆ. ಪಂಢರಪುರಕ್ಕೆ ನಡೆಯುವ ಕಾಲು ಎಲ್ಲಿಗಾದರೂ ನಡೆಯುತ್ತದೆ ಎಂದಳಂತೆ. ಜೋಡಿ ಟಿಕೀಟಿನ ಇನ್ನೊಂದನ್ನು ಬಳಸದೆ ಒಬ್ಬಳೇ ಬಂದಳು. ಹೊಟೇಲಿನಲ್ಲಿ ಅವಳಿಗೂ ನನಗೂ ಒಂದೇ ಕೋಣೆ.

ಆಲ್ಪ್ಸ್ ಬೆಟ್ಟಗಳ ನಡುವಿನ ಆ ಊರಿನ ಹೆಸರನ್ನು ನಮ್ಮವರು ಒಮ್ಮೆ ಹೇಳಿದಂತೆ ಇನ್ನೊಮ್ಮೆ ಹೇಳಲಿಲ್ಲ. ಕಟ್ಟಿಗೆಯ ಮನೆಗಳು, ಮನೆಯ ಮಾಡಿನ ಮೇಲೆ ಒಂದಾಳೆತ್ತರದ ಹಿಮ, ಬೆಟ್ಟಕ್ಕೆ ಏರುವ ತಂತಿಯ ತೊಟ್ಟಿಲುಗಳು. ನಮ್ಮೂರಿನಲ್ಲಿ ಆಗ ಸಂಕ್ರಾಂತಿ, ಕಬ್ಬಿನ ಹಂಗಾಮು. ಕಬ್ಬಿನ ಒಣಗರಿಯ ರವದಿ ಸುಟ್ಟ ಮಸಿ ಒಣಹಾಕಿದ ಬಟ್ಟೆಗಳ ಮೇಲೆ ಬೀಳುವ ದಿನಗಳನ್ನು ಬಿಟ್ಟು ಬಂದ ನಮಗೆ, ಆಕಾಶದಿಂದ ಬೀಳುವುದು ಬೆಳ್ಳಗೂ ಇರಬಹುದೆಂದು ನಂಬಲು ಒಂದು ದಿನ ಹಿಡಿಯಿತು. ಕಾಕೂ ಅಂಗೈಯಲ್ಲಿ ಹಿಮ ಹಿಡಿದು, ಮೂಸಿ, ಏನೂ ಹೇಳದೆ ಚೆಲ್ಲಿದಳು.

ಕಾಲಿಗೆ ಉದ್ದನೆಯ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಕಲಿಸಲು ಬಿಸಿಲಿಗೆ ಮುಖ ಕಂದಿದ ಒಬ್ಬ ಹೆಂಗಸು ಬಂದಳು. ಅವಳ ಇಂಗ್ಲಿಷನ್ನು ಕನ್ನಡಕ್ಕೂ ಮರಾಠಿಗೂ ತಿರುಗಿಸುವುದು ನನ್ನ ಪಾಲಿಗೆ ಬಂತು. ಮೊದಲು ಬೂಟು. ಮೊಣಕಾಲಿನ ಕೆಳಗೆ ಕಾಲೆಲ್ಲ ಬಿಗಿಯುವ ಆ ಗಟ್ಟಿ ಬೂಟಿನಲ್ಲಿ ನಿಂತುಕೊಂಡ ನಿಪ್ಪಾಣಿಯ ಇಸ್ಮಾಯಿಲ್ ಚಾಚಾ, "ಎರಡೂ ಕಾಲಿಗೆ ಬೋರವೆಲ್ ಕೇಸಿಂಗ್ ಇಳಿಸ್ಯಾರ ನೋಡ್ರಿ. ಇನ್ನ ನೀರ ಬೀಳೂದೊಂದ ಬಾಕಿ" ಎಂದು ಇಡೀ ಗುಂಪನ್ನು ನಗಿಸಿದರು. ಕಲಿಯುವವರ ಇಳಿಜಾರಿನಲ್ಲಿ ಮೇಲಕ್ಕೆ ಒಯ್ಯಲು ನೆಲದ ಮೇಲೆ ಚಲಿಸುವ ಪಟ್ಟಿಯೊಂದಿತ್ತು. ಅದರ ಮೇಲೆ ಸಾಲಾಗಿ ನಿಂತರೆ ಸಾಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಮೇಲೇರುವ ಕ್ಯಾರಿಯರ್ ಇದೇ ಎಂದು ಕಾಕೂ ನೋಡಿದ ಕೂಡಲೇ ಹೇಳಿದಳು. ತುದಿಯಲ್ಲಿ ನಮ್ಮನ್ನು ಹಿಂಡಿ ರಸ ತೆಗೆಯುತ್ತಾರೆ, ಅಷ್ಟರೊಳಗೆ ಇಳಿದುಬಿಡಿರಿ ಎಂದು ಹಿಂದಿನವರಿಗೆ ಎಚ್ಚರಿಕೆ ಕೊಟ್ಟಳು.

ಕಲಿಸುವವಳು ಮೊದಲು ಹೇಳಿಕೊಟ್ಟದ್ದು ಬೀಳುವುದನ್ನು. ಒಬ್ಬರಿಂದ ಒಬ್ಬರು ದೂರವಿರಿ. ಬೀಳುತ್ತೇನೆ ಎನಿಸಿದರೆ ಕೈಯಲ್ಲಿರುವುದನ್ನು ಬಿಟ್ಟು ಪಕ್ಕಕ್ಕೆ ಮೈ ಚೆಲ್ಲಿ. ಯಾರನ್ನೂ ಹಿಡಿಯಬೇಡಿ, ಹಿಡಿದರೆ ಇಬ್ಬರಿಗೂ ಪೆಟ್ಟು. ನಾನು ಇದನ್ನು ಎರಡೂ ಭಾಷೆಗಳಲ್ಲಿ ಹೇಳಿದೆ. ನಮ್ಮವರು ತಲೆದೂಗಿ, ಎರಡು ಹೆಜ್ಜೆ ಜಾರಿ, ಪಕ್ಕದವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಬ್ಬರು ಬಿದ್ದರೆ ನಾಲ್ವರು ಬೀಳುತ್ತಿದ್ದರು. ಅವಳು ಬಿಡಿಸಿ ದೂರ ನಿಲ್ಲಿಸುತ್ತಿದ್ದಳು, ಬೆನ್ನು ತಿರುಗಿಸುವಷ್ಟರಲ್ಲಿ ಸಾಲು ಮತ್ತೆ ಕೂಡುತ್ತಿತ್ತು. ಅವಳಿಗೆ ಹೇಗೆ ವಿವರಿಸುವುದು? ದಿಂಡಿಯಲ್ಲಿ ಒಬ್ಬರ ಚಪ್ಪಲಿಯ ಬಾರು ಕಿತ್ತರೆ ಇಡೀ ಸಾಲು ನಿಲ್ಲುತ್ತದೆ. ಜೊತೆಗಿದ್ದವರ ಕೈ ಬಿಟ್ಟವನಿಗೆ ನಮ್ಮಲ್ಲಿ ಮುಖವಿಲ್ಲ. ಆ ದಿನ ನಾನೂ ಇದನ್ನು ಮೆಚ್ಚಿಕೊಂಡೇ ನೋಡಿದೆ.

ಎರಡನೆಯ ದಿನ ಕಾಕೂ ಎಲ್ಲರ ಕೈ ಬಿಡಿಸಿಕೊಂಡು ಆ ಸಣ್ಣ ಇಳಿಜಾರನ್ನು ಒಬ್ಬಳೇ ಇಳಿದಳು. ನೆತ್ತಿಯ ಮೇಲೆ ತುಳಸಿ ಇದೆಯೇನೋ ಎಂಬಂತೆ ಕತ್ತು ಅಲ್ಲಾಡಲಿಲ್ಲ. ಸೀರೆಯ ಬದಲು ತೊಟ್ಟ ಬಾಡಿಗೆಯ ನೀಲಿ ಪ್ಯಾಂಟು, ಜೇಬಿನಲ್ಲಿ ಪುಡಿಯಾಗಿದ್ದ ಖಡಕ್ ರೊಟ್ಟಿ. ಕೆಳಗೆ ಬಂದು ನಿಂತು, ಹಿಂತಿರುಗಿ ತಾನು ಬಂದ ಗೆರೆಯನ್ನು ಬಹಳ ಹೊತ್ತು ನೋಡಿದಳು. ನಾನು ಹತ್ತಿರ ಹೋದಾಗ, ಮಗು ಎನ್ನುವ ಮರಾಠಿ ಮಾತಿನಲ್ಲಿ ನನ್ನನ್ನು ಕರೆದು ಹೇಳಿದಳು:

"ಬಾಳಾ, ಇದು ನಾ ಒಬ್ಬಾಕಿನ ಹಾಕಿದ್ದ ದಾರಿ. ಇದರಾಗ ಯಾರ ಹೆಜ್ಜಿನೂ ಇಲ್ಲ."

ಆ ಸಂಜೆ ಊದಿದ ಕಾಲುಗಳನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಾಗ, ಊರಿಗೆ ಹೋದ ಮೇಲೆ ಇದನ್ನು ಹೇಗೆ ಹೇಳಬೇಕೆಂದು ನನ್ನ ಮುಂದೆ ಪಾಠ ಒಪ್ಪಿಸಿದಳು. ಬೆಟ್ಟದ ಎತ್ತರ ಹೇಳುವಾಗ ಅಂಗೈಯನ್ನು ಎಲ್ಲಿಗೆ ಎತ್ತಬೇಕು ಎಂಬುದರ ಮೇಲೆ ನಮ್ಮಲ್ಲಿ ಸಣ್ಣ ಚರ್ಚೆಯಾಯಿತು. ಅವಳು ತುಸು ಹೆಚ್ಚೇ ಎತ್ತುತ್ತಿದ್ದಳು.

ಮೂರನೆಯ ದಿನ ಫೋಟೋ. ಕಂಪನಿಯ ಏರಿಯಾ ಮ್ಯಾನೇಜರ್, ಇಡೀ ಪ್ರವಾಸದಲ್ಲಿ ಫೋನಿನಿಂದ ತಲೆ ಎತ್ತದ ಯುವಕ, ಪುಣೆಯಿಂದ ಉದ್ದನೆಯ ಬ್ಯಾನರ್ ತಂದಿದ್ದ. ಕಂಪನಿಯ ಹೆಸರು, ಮಾಲಿನ ಹೆಸರು, ಯಶಸ್ವಿ ಮಾರಾಟಗಾರರಿಗೆ ಅಭಿನಂದನೆ. ಅದನ್ನು ತೊಟ್ಟಿಲಿನಲ್ಲಿ ಅರ್ಧ ಬೆಟ್ಟ ಏರಿ, ಶಿಖರಗಳು ಕಾಣುವ ಜಾಗದಲ್ಲಿ ಬಿಚ್ಚಬೇಕು. ಎಲ್ಲರ ಕಾಲಲ್ಲೂ ಸ್ಕೀ ಇರಬೇಕು. ಕಲಿಸುವವಳು ಒಪ್ಪಲಿಲ್ಲ. ತೊಟ್ಟಿಲು ನಿಲ್ಲುವ ಕಟ್ಟೆಯ ಮೇಲೆ ಸಮನೆಲವಿದೆ, ಸ್ಕೀ ಬಿಚ್ಚಿ ಅಲ್ಲಿ ನಿಲ್ಲಿ. ಅದರಾಚೆಯ ಇಳಿಜಾರಿನಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾಗಿದೆ, ಗಾಳಿಯೂ ಇದೆ ಎಂದಳು. ನಾನು ಒಂದು ಪದವನ್ನೂ ಬಿಡದೆ ತಿರುಗಿಸಿದೆ. ಅವಳು ಗಾಳಿಯ ವಿಷಯ ವಿಚಾರಿಸಲು ತೊಟ್ಟಿಲಿನ ಕೋಣೆಗೆ ಹೋದಳು, ಬರುವವರೆಗೆ ಕದಲಬೇಡಿ ಎಂದು ಹೇಳಿ ಹೋದಳು. ಅದನ್ನೂ ತಿರುಗಿಸಿದೆ.

ಕಟ್ಟೆಯ ಮೇಲೆ ನಿಂತರೆ ಫೋಟೋದಲ್ಲಿ ಹಿಂದೆ ಕಟ್ಟಡ ಬರುತ್ತದೆ, ಬೆಟ್ಟ ಬರುವುದಿಲ್ಲ ಎಂದ ಮ್ಯಾನೇಜರ್. ಅವನು ಬಾಬುರಾವ್ ಕಾಕಾರ ಮುಖ ನೋಡಿದ. ಕಾಕಾ ಇಳಿಜಾರಿನ ಕಡೆಗೆ ಜಾರು ಹೆಜ್ಜೆ ಇಟ್ಟರು. ನಾನು ಮತ್ತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಮಗುವಿಗೆ ಹೇಳುವಂತೆ ಹೇಳಿದರು: "ತಂಗಿ, ನೀ ಭಾಳ ಓದೀದಿ. ಎರಡ ಮಿನಿಟಿನ ಕೆಲಸಕ್ಕ ಇಷ್ಟ ಓದಬಾರದು."

ಸಾಲು ನಿಲ್ಲಿಸಿದವರು ಅವರೇ; ನಾನು ಕಟ್ಟೆಯ ಮೇಲೇ ಉಳಿದೆ. ನಡುವೆ ತಾವು, ಅವರ ಎಡಕ್ಕೆ ಅಪ್ಪ, ಮೇಲಿನ ತುದಿಗೆ ಇಸ್ಮಾಯಿಲ್ ಚಾಚಾ. ಟಾರ್ಗೆಟ್ ಮುಟ್ಟಿದ ಒಬ್ಬಳೇ ಹೆಣ್ಣುಮಗಳು ಎದ್ದು ಕಾಣಲಿ ಎಂದು ಕಾಕೂವನ್ನು ಕೆಳಗಿನ ತುದಿಗೆ ನಿಲ್ಲಿಸಿದರು. ಗಾಳಿ ಬಂದು ಬ್ಯಾನರ್ ಪಟಪಟ ಹೊಡೆದುಕೊಂಡಿತು. ಕಂಪನಿಯ ಹೆಸರು ಮಡಚಿಕೊಂಡದ್ದನ್ನು ಮ್ಯಾನೇಜರ್ ಕೈಸನ್ನೆಯಲ್ಲಿ ತೋರಿಸಿದ. ಆಗ ಬಾಬುರಾವ್ ಕಾಕಾ ಸಾಲಿನ ಎರಡೂ ಕಡೆ ನೋಡಿ, ದಿಂಡಿಯಲ್ಲಿ ಹೇಳುವ ದನಿಯಲ್ಲೇ ಹೇಳಿದರು:

"ಗಟ್ಟಿ ಹಿಡೀರಿ. ಏನಾದ್ರೂ ಆಗ್ಲಿ, ಬ್ಯಾನರ್ ಬಿಡಬ್ಯಾಡ್ರಿ."

ಯಾರೂ ಬಿಡಲಿಲ್ಲ. ಎರಡನೆಯ ಗಾಳಿಗೆ ಆ ಬಟ್ಟೆ ಹಾಯಿಯಂತೆ ಉಬ್ಬಿತು. ಮೇಲಿನ ತುದಿಯಲ್ಲಿ ಚಾಚಾ ಜಾರಿದರು, ಅವರ ಪಕ್ಕದವರು ಜಾರಿದರು, ಒಬ್ಬೊಬ್ಬರೇ ಹಿಮದ ಮೇಲೆ ಕೂರುತ್ತ ಬಂದರು, ಕೂತವರ ಮುಷ್ಟಿಯಲ್ಲೂ ಬ್ಯಾನರ್ ಇತ್ತು. ಬಾರುಕೋಲನ್ನು ಬೀಸಿದಾಗ ಹಿಡಿಯ ಹತ್ತಿರ ಅಲುಗಾಟ ಕಡಿಮೆ, ಪೆಟ್ಟೆಲ್ಲ ತುದಿಗೆ. ತುದಿಯಲ್ಲಿ ಕಾಕೂ ಇದ್ದಳು. ಇಡೀ ಸಾಲಿನ ಭಾರ ಅವಳನ್ನು ಗಾಜಿನಂಥ ಇಳಿಜಾರಿಗೆ ತೂರಿತು. ಕೈಯಲ್ಲಿರುವುದನ್ನು ಬಿಟ್ಟು ಮೈ ಚೆಲ್ಲುವುದು ಅವಳಿಗೆ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳೂ ಬಿಡಲಿಲ್ಲ. ಕಾಲಿನ ಸ್ಕೀ ಒಂದು ಕಡೆ ಸಿಕ್ಕಿ ಮೈ ಇನ್ನೊಂದು ಕಡೆ ತಿರುಗಿತು. ಒಣಗಿದ ಕಬ್ಬು ಮುರಿದಂಥ ಸದ್ದು ನನಗೆ ಕೇಳಿಸಿತು ಎಂದು ಅನಿಸುತ್ತದೆ. ಆ ಗಾಳಿಯಲ್ಲಿ ಕೇಳಿಸಿರಲಾರದು.

ಕಲಿಸುವವಳು ಓಡಿಬಂದಳು. ಕೆಂಪು ಉಡುಪಿನವರು ಜಾರುಬಂಡಿಯಲ್ಲಿ ಕಾಕೂವನ್ನು ಮಲಗಿಸಿ ಬಿಗಿದು ಕೆಳಗೆ ಒಯ್ದರು. ಏಕೆ ಬಿಡಲಿಲ್ಲ ನೀವು ಎಂದು ಆ ಹೆಂಗಸು ನನ್ನನ್ನು ಕೇಳಿದಳು. ತಿರುಗಿಸಿ ಹೇಳಲು ಅವಳು ಹೇಳಿರಲಿಲ್ಲ. ಆದರೂ ಆ ಪ್ರಶ್ನೆಯನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಎಲ್ಲರ ಮುಂದೆ ಕೇಳಿದೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಮೊಣಕಾಲಿನ ಮೇಲೂ ಕೆಳಗೂ ಎಲುಬು ಮುರಿದಿತ್ತು. ಸ್ಕ್ರೂ, ಪಟ್ಟಿ ಹಾಕಿ ಕೂಡಿಸಿದರು. ನಡೆಯುತ್ತಾರೆ, ದೂರ ನಡೆಯುವುದು ಕಷ್ಟ ಎಂದರು ಡಾಕ್ಟರು. ಎಷ್ಟು ದೂರ ಎಂದು ಕಾಕೂ ನನ್ನ ಬಾಯಿಂದ ಕೇಳಿಸಿದಳು. ಪಂಢರಪುರ ಎಷ್ಟು ದೂರವೆಂದು ಡಾಕ್ಟರಿಗೆ ತಿಳಿಸಲು ನನಗೆ ಮನಸ್ಸಾಗಲಿಲ್ಲ. ಮನೆಯೊಳಗೆ ಓಡಾಡಬಹುದಂತೆ ಎಂದಷ್ಟೇ ಕಾಕೂವಿಗೆ ಹೇಳಿದೆ.

ಮರುದಿನ ಬೆಳಗಿನ ತಿಂಡಿಯ ಮೇಜಿನಲ್ಲಿ ಒಂದು ತೀರ್ಮಾನವಾಯಿತು. ಕಂಪನಿಯ ಬ್ಯಾನರ್ ಹಿಡಿದಾಗ ಅಪಘಾತವಾಯಿತೆಂದು ಮೇಲಿನವರಿಗೆ ತಿಳಿದರೆ ಮುಂದಿನ ವರ್ಷದಿಂದ ಪ್ರವಾಸಗಳೇ ನಿಲ್ಲುತ್ತವೆ, ತನ್ನ ಕೆಲಸವೂ ಹೋಗುತ್ತದೆ ಎಂದ ಮ್ಯಾನೇಜರ್. ಶಾಂತಕ್ಕ ಹೊಟೇಲಿನ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು, ಯಾರು ಕೇಳಿದರೂ ಇದೇ ಮಾತು ಎಂದರು ಬಾಬುರಾವ್ ಕಾಕಾ. ಒಪ್ಪದವರು ಇದ್ದರೆ ಹೇಳಲಿ ಎಂದೂ ಕೇಳಿದರು. ನಾನೊಬ್ಬಳೇ ಹೇಳಿದೆ. ಬೆಟ್ಟದ ಮೇಲೆ ಏನು ನಡೆಯಿತು, ಯಾರು ಏನು ಅಂದರು ಎಂಬುದನ್ನು ಕಾಕೂವಿನ ಮನೆಯವರಿಗೂ ಕಂಪನಿಗೂ ನೀವೇ ಹೇಳಬೇಕು ಎಂದೆ. ಕಾಕಾ ಬಹಳ ದಣಿದವರಂತೆ ಕಾಣುತ್ತಿದ್ದರು. "ಹೇಳಿದ್ರ ಕಾಲು ಕೂಡತೈತೇನು, ತಂಗಿ?" ಎಂದರು. ಆ ಮಾತಿಗೆ ಮೇಜೆಲ್ಲ ನಿಟ್ಟುಸಿರುಬಿಟ್ಟಿತು. ಅಪ್ಪ ತನ್ನ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ, ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದ.

ಅವರೆಲ್ಲ ಚಾಕೊಲೇಟಿನ ಕಾರ್ಖಾನೆ ನೋಡಲು ಹೋದರು. ನಾನು ಆಸ್ಪತ್ರೆಯ ಕಿಟಕಿಯ ಬಳಿ ಕೂತೆ. ಅಲ್ಲಿಂದ ಕಲಿಯುವವರ ಇಳಿಜಾರು ಕಾಣುತ್ತಿತ್ತು. ಹೊಸ ಹಿಮ ಬಿದ್ದು ಯಾರ ಗೆರೆಯೂ ಉಳಿದಿರಲಿಲ್ಲ.

ನಾವು ಮರಳಿದಾಗ ಅಥಣಿಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಬೀಳುವುದಕ್ಕೆ ಒಂದು ಗಳಿಗೆ ಮುಂಚಿನ ಫೋಟೋ. ಎಲ್ಲರೂ ನಗುತ್ತಿದ್ದರು. ಕೆಳಗಿನ ತುದಿ ಗಾಳಿಗೆ ಮಸುಕಾಗಿತ್ತೆಂದು ಅಲ್ಲಿಗೆ ಕತ್ತರಿಸಿದ್ದರು. ಬ್ಯಾನರಿನ ಕೊನೆಯಲ್ಲಿ ಒಂದು ಗ್ಲೌಸು ಮಾತ್ರ ಉಳಿದಿತ್ತು.

ಇತ್ತ ಸತ್ತಿಯಲ್ಲಿ ಬಚ್ಚಲಿನ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ನೋಡಲು ಬಂದವರು ಕಾಲಿನ ಮೇಲೆ ಕೈಯಾಡಿಸಿ, ಕನಿಕರದ ನಡುವೆ ನಗು ತಡೆದುಕೊಂಡು ಹೋಗುತ್ತಿದ್ದರು. ಇಷ್ಟು ದೂರ ವಿಮಾನದಲ್ಲಿ ಹೋಗಿ ಬಚ್ಚಲಲ್ಲಿ ಬೀಳಬೇಕೇ, ನಮ್ಮ ಬಚ್ಚಲೇನು ಕಡಿಮೆ ಜಾರುತ್ತಿತ್ತೇ ಎಂದು ಮೈದುನ ಅಂಗಡಿಯ ಕಟ್ಟೆಯಲ್ಲಿ ಕೂತು ಎಲ್ಲರನ್ನೂ ನಗಿಸುತ್ತಿದ್ದ. ಗಲ್ಲೆಯಲ್ಲಿ ಈಗ ಅವನೇ ಕೂರುತ್ತಿದ್ದ. ಹೆಂಗಸು ಹೆಂಗಸಿನಂತೆ ಇರಬೇಕು ಎಂಬ ಮಾತಿಗೆ ಬಚ್ಚಲು ಸಾಕ್ಷಿಯಾಗಿತ್ತು. ಕಾಕೂ ನಿಜ ಹೇಳಿದ್ದಳು, ಒಮ್ಮೆ ಅಲ್ಲ, ಹಲವು ಸಲ. ಬೆಟ್ಟದ ಎತ್ತರ ತೋರಿಸಲು ಅಂಗೈ ಎತ್ತಿದರೆ ಜನ ಅವಳ ಅಂಗೈಯನ್ನು ನೋಡದೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಬಾಬುರಾವ್ ಕಾಕಾ ಸುಳ್ಳು ಹೇಳುವ ಮನುಷ್ಯರಲ್ಲವಲ್ಲ. ಅವಳು ಅಂಗೈ ಎತ್ತುವುದನ್ನು ಬಿಟ್ಟಳು.

"ಕಾಲು ಹೋತು, ಹೋಗ್ಲಿ ಬಾಳಾ," ಎಂದಳು ಒಂದು ಮಧ್ಯಾಹ್ನ. "ನಾ ಬಿದ್ದ ಜಾಗಾನೂ ಕಸಗೊಂಡ್ರಲ್ಲ. ಅವರು ಮಂದ್ಯಾಗ ಒಂದ ಮಾತ ಅನ್ನಬೇಕು. ಮತ್ತೇನೂ ಬ್ಯಾಡ ನನಗ."

ಆ ಒಂದು ಮಾತಿಗಾಗಿ ನಾನು ಬೇಸಿಗೆಯಿಡೀ ತಿರುಗಿದೆ. ಕಂಪನಿಗೆ ಬರೆದೆ, ಉತ್ತರವಿಲ್ಲ. ಮ್ಯಾನೇಜರಿಗೆ ಬೇರೆ ಕಡೆ ವರ್ಗವಾಗಿತ್ತು, ಹೊಸಬನಿಗೆ ಏನೂ ಗೊತ್ತಿರಲಿಲ್ಲ. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಯ ಅಂಗಡಿಗಳಿಗೆ ಬಸ್ಸಿನಲ್ಲಿ ಹೋಗಿ ಕೂತೆ. ಎಲ್ಲ ಕಡೆ ಕಬ್ಬಿನ ಹಾಲು ಹಿಂಡಿಸಿ ಕುಡಿಸಿದರು. ಇಸ್ಮಾಯಿಲ್ ಚಾಚಾ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, ಮೊದಲು ಜಾರಿದವನು ತಾನೇ ಎಂದರು. ಯಾರು ಜಾರಿದರು ಎಂದು ನಾನು ಕೇಳುತ್ತಿಲ್ಲ, ಬಿಡಬೇಡಿ ಅಂದವರು ಯಾರು ಎಂದೆ. ಅವರು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು, ಬಳಿಕ ನನಗೆ ಇನ್ನೊಂದು ಲೋಟ ಕಬ್ಬಿನ ಹಾಲು ತರಿಸಿದರು. ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ನನ್ನ ಪ್ರಶ್ನೆ ಮುಗಿಯುವಷ್ಟರಲ್ಲಿ ಚಹಾ ಬಂತು. ನಮ್ಮ ಭಾಗದಲ್ಲಿ ಪ್ರಶ್ನೆಯನ್ನು ಯಾರೂ ಬಾಯಿ ಮುಚ್ಚಿಸಿ ಕೊಲ್ಲುವುದಿಲ್ಲ, ಅದರ ಕೈಗೆ ಚಹಾದ ಕಪ್ಪು-ಬಸಿ ಕೊಟ್ಟು ಕೂರಿಸುತ್ತಾರೆ. ವಿಶ್ವವಿದ್ಯಾಲಯ ನನಗೆ ಹೊಣೆಗಾರಿಕೆಯ ಬಗ್ಗೆ ಪುಟಗಟ್ಟಲೆ ಬರೆಯಲು ಕಲಿಸಿತ್ತು; ಉಪಚಾರವನ್ನು ಎದುರಿಸುವುದು ಹೇಗೆಂದು ಕಲಿಸಿರಲಿಲ್ಲ. ಮೇ ಮುಗಿಯುವ ಹೊತ್ತಿಗೆ ನನ್ನ ಸಿಟ್ಟು ಸೋತಿರಲಿಲ್ಲ, ಮೈ ಸೋತಿತ್ತು. ಮನೆಯಲ್ಲಿ ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಆತ ಆ ಸಾಲಿನಲ್ಲಿ ಬಾಬುರಾವ್ ಕಾಕಾರಿಗೆ ಭುಜ ತಾಗಿಸಿ ನಿಂತಿದ್ದವನು.

ಮಳೆ ತಡವಾಗಿ ಬಂತು, ಆದರೆ ಬಂತು. ಕೃಷ್ಣೆಯ ನೀರು ಕೆಂಪಾದಾಗ ದಿಂಡಿಯ ದಿನ. ನದಿದಂಡೆಯ ಊರುಗಳಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳು ಸತ್ತಿಯಲ್ಲಿ ಕೂಡಿ, ಮಿಂದು, ಕಾಕೂವಿನ ಅಂಗಳದಲ್ಲಿ ಚಹಾ ಕುಡಿದು ಹೊರಡುವುದು ಅವಳ ಗಂಡನ ಕಾಲದಿಂದ ನಡೆದುಬಂದ ರೂಢಿ. ತುಳಸಿಯ ಕಟ್ಟೆಯನ್ನು ಆ ವರ್ಷ ಪಕ್ಕದ ಮನೆಯ ಸೊಸೆ ಹೊತ್ತಳು, ಒಂದು ಕೈಯಿಂದ ಹಿಡಿದುಕೊಂಡು. ಕಾಕೂವನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಮುರಿದ ಕಾಲು ಸಣ್ಣ ಮಣೆಯ ಮೇಲಿತ್ತು. ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಅಪ್ಪ ಅಂಗಳದ ಆ ಬದಿಗೆ ನಿಂತಿದ್ದ. ಪ್ರತಿವರ್ಷದಂತೆ ಊರ ಗಡಿಯವರೆಗೆ ನಡೆಯಲು ಬಂದಿದ್ದ.

ದಿಂಡಿಯಲ್ಲಿ ಹೊರಡುವ ಮುಂಚೆ ಎಲ್ಲರೂ ಎಲ್ಲರ ಪಾದ ಮುಟ್ಟುತ್ತಾರೆ. ಸಾಹುಕಾರ ಕೂಲಿಯವನ ಪಾದ, ಅತ್ತೆ ಸೊಸೆಯ ಪಾದ. ಪಾದ ಮುಟ್ಟಲು ಬಂದವರನ್ನು ತಡೆಯುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ತಾಳದ ಗತಿಗೆ ಸಾಲು ಬಾಗುತ್ತ ಏಳುತ್ತ ಕಾಕೂವಿನ ಮುಂದೆ ಬಂತು. ಬಾಬುರಾವ್ ಕಾಕಾ ಬಿಳಿಯ ಧೋತರ ಉಟ್ಟು, ಹಣೆಗೆ ಬುಕ್ಕಾದ ಕರಿಯ ಬೊಟ್ಟು ಹಚ್ಚಿಕೊಂಡು ಸಾಲಿನ ಮುಂದಿದ್ದರು. ಅವರ ಮುಖದಲ್ಲಿ ನಾಟಕವಿರಲಿಲ್ಲ. ಬಾಗಿದರು.

ಕಾಕೂ ಎರಡೂ ಕೈಯಿಂದ ಮುರಿದ ಕಾಲನ್ನು ಎತ್ತಿ ಕುರ್ಚಿಯ ಕೆಳಗೆ ಎಳೆದುಕೊಂಡು ಸೀರೆ ಮುಚ್ಚಿದಳು. ನೋವಿಗೆ ತುಟಿ ಕಚ್ಚಿದ್ದು ನನಗೆ ಕಂಡಿತು. ಕಾಕಾರ ಕೈ ಬರಿ ಮಣೆಯ ಮೇಲೆ ಉಳಿಯಿತು.

"ಪಾದ ಆಮ್ಯಾಲ ಮುಟ್ಟೀರಂತ," ಎಂದಳು ಕಾಕೂ, ಜೋರಾಗಿಯೇನಲ್ಲ. "ನಾ ಎಲ್ಲಿ ಬಿದ್ನಿ, ಬಿಡಬ್ಯಾಡ್ರಿ ಅಂದಾವ್ರು ಯಾರು, ಮೊದಲ ಮಂದಿಗೆ ಹೇಳ್ರಿ."

ಹತ್ತಿರದವರ ತಾಳ ನಿಂತಿತು. ಹಿಂದಿನವರಿಗೆ ಯಾಕೆಂದು ತಿಳಿಯದೆ ಅವರದೂ ನಿಂತಿತು. ವೀಣೆ ಹೊತ್ತ ಮುದುಕರು ಅದನ್ನು ನೆಲಕ್ಕಿಡುವಂತಿಲ್ಲ, ಸಾಲು ದಾಟಿ ಮುಂದೆ ಹೋಗುವಂತೆಯೂ ಇಲ್ಲ; ಹೆಗಲು ಬದಲಿಸಿಕೊಂಡು ನಿಂತರು. ಚಪ್ಪಲಿಯ ಬಾರು ಕಿತ್ತವನಿಗಾಗಿ ನಿಲ್ಲುವ ಸಾಲು ಅಂದು ಅವಳಿಗಾಗಿ ನಿಂತಿತು. ಬಾಬುರಾವ್ ಕಾಕಾ ಸಾವಕಾಶ ಎದ್ದು ನಿಂತರು. ಬಾಯಿ ತೆರೆದರು. ಹೇಳುತ್ತಾರೆ ಎಂದುಕೊಂಡೆ.

"ಶಾಂತಕ್ಕಾ, ಎಲ್ಲಾರೂ ಹಿಡಿದಿದ್ವಿ," ಎಂದರು.

"ಹಿಡಿದಾವ್ರು ಎಲ್ಲಾರೂ. ಹಿಡೀರಿ ಅಂದಾವ್ರು?"

ಅವರು ಬರಿ ಮಣೆಯನ್ನು ನೋಡಿದರು. ತುಂತುರು ಬೀಳುತ್ತಿತ್ತು. ಆಗ ಅಂಗಳದ ಆ ಬದಿಯಿಂದ ಒಂದು ದನಿ ಬಂತು. ತಿಂಗಳುಗಟ್ಟಲೆ ನಾನು ಮಾತಾಡಿಸದೆ ಇದ್ದ ದನಿಯಾದ್ದರಿಂದ ಗುರುತಿಸಲು ಒಂದು ಕ್ಷಣ ಬೇಕಾಯಿತು.

"ಬೆಟ್ಟದ ಮ್ಯಾಲ ಬಿದ್ದಾರ," ಎಂದ ಅಪ್ಪ. "ಬಚ್ಚಲದಾಗ ಅಲ್ಲ. ಬಿಡಬ್ಯಾಡ್ರಿ ಅಂತ ಬಾಬುಕಾಕಾ ಅಂದ್ರು. ನಾ ಅವರ ಬಾಜೂಕ ಇದ್ದೆ. ಬಿಡ್ರಿ ಅಂತ ನಾನೂ ಅನ್ನಲಿಲ್ಲ."

ಅಷ್ಟೇ. ಆಮೇಲೆ ಏನಾಯಿತು ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಹೆಚ್ಚಿನದೇನೂ ಇಲ್ಲ. ಬಾಬುರಾವ್ ಕಾಕಾ ದೂರದಿಂದಲೇ ಕೈ ಮುಗಿದು ಮುಂದೆ ನಡೆದರು. ಇಂದಿಗೂ ಸಂಘದ ಅಧ್ಯಕ್ಷರು ಅವರೇ. ಕಂಪನಿಯ ಉತ್ತರ ಇಂದಿಗೂ ಬಂದಿಲ್ಲ. ಮರುವರ್ಷ ಟಾರ್ಗೆಟ್ ಮುಟ್ಟಿದವರು ಇನ್ನೊಂದು ದೇಶಕ್ಕೆ ಹೋಗಿ ಇನ್ನೊಂದು ಬ್ಯಾನರ್ ಹಿಡಿದರು. ಅಪ್ಪ ಆ ಕಂಪನಿಯ ಮಾಲು ಇಡುವುದನ್ನು ಬಿಟ್ಟ, ಪೇಟೆಯಲ್ಲಿ ಒಂಟಿಯಾದ. ಮೈದುನ ಕಟ್ಟೆಯ ಮೇಲಿನ ಬಚ್ಚಲಿನ ಮಾತನ್ನು ನಿಲ್ಲಿಸಿದ. ಗಲ್ಲೆ ಬಿಡಲು ಇನ್ನೂ ಒಂದು ವರ್ಷ ತೆಗೆದುಕೊಂಡ. ಯಾರಾದರೂ ಇದನ್ನು ನ್ಯಾಯ ಎಂದರೆ ನಾನು ಒಪ್ಪುವುದಿಲ್ಲ. ಹೇಳಬೇಕಾದವರು ಹೇಳಲಿಲ್ಲ. ಅವರು ಹೇಳುವವರೆಗೆ ಕೇಳುತ್ತಲೇ ಇರುತ್ತೇನೆ, ದಣಿದುಕೊಂಡೇ ಕೇಳುತ್ತೇನೆ.

ಆದರೆ ಆ ಅಂಗಳದಲ್ಲಿ, ತಾಳ ಮತ್ತೆ ಶುರುವಾಗುವ ಮುಂಚೆ, ಅಪ್ಪ ಸಾಲನ್ನು ದಾಟಿ ಕಾಕೂವಿನ ಮುಂದೆ ಬಂದು ನಿಂತದ್ದನ್ನು ಬರೆಯಬೇಕು. ಬಾಗಲು ಧೈರ್ಯ ಸಾಲದೆ ನಿಂತಿದ್ದ. ಕಾಕೂ ಆತನ ಮುಖವನ್ನು ನೋಡಿದಳು. ಆಮೇಲೆ ಕುರ್ಚಿಯ ಕೆಳಗಿನಿಂದ ಕಾಲನ್ನು ಎರಡೂ ಕೈಯಿಂದ ಎತ್ತಿ ಮತ್ತೆ ಮಣೆಯ ಮೇಲಿಟ್ಟಳು.

"ಸಾವಕಾಶ ಮುಟ್ಟ್ರಿ," ಎಂದಳು. "ಇನ್ನೂ ನೋಯತೈತಿ."